ಉಂಡು ಮಲಗುವ ತನಕವೇ?



ಈ ಪುಟಗಳಲ್ಲಿ ಇದುವರೆಗೆ ನಾನು ಹೆಚ್ಚಾಗಿ ಸವಿನೆನಪುಗಳನ್ನೇ ಬರೆಯುತ್ತ ಬಂದಿದ್ದೇನೆ. ನಮ್ಮೂರ ಕೆರೆ, ನನ್ನ ಗುರುಗಳು, ಎಪ್ಪತ್ತರ ದಶಕದಲ್ಲಿ ತಿಲಕ್ ನಗರಕ್ಕೆ ಬಂದು ನೆಲೆಸಿದಾಗ ಕಂಡ ಬೆಂಗಳೂರು, ನಿಮ್ಮಲ್ಲಿ ಅನೇಕರ ಬಾಲ್ಯದ ತುಂಟತನ, ಇವೇ ನನ್ನ ವಸ್ತುಗಳಾಗಿದ್ದವು. ಇಂದಿನ ಬರಹ ಅಂಥದ್ದಲ್ಲ. ಇದರಲ್ಲಿ ಕೋಪವಿದೆ; ಆ ಕೋಪದ ಒಂದು ಪಾಲು ನನ್ನ ಮೇಲೆಯೇ ಇದೆ. ಹಿರಿಯರು ಕ್ಷಮಿಸಬೇಕು, ಕಿರಿಯರು ಕೊನೆಯವರೆಗೆ ಓದಬೇಕು.

ಹದಿನೈದು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನು ನಗರದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಾನೆ. ಕಾಫಿ ಕುಡಿಯುತ್ತ ತನ್ನ ವೃತ್ತಿಯ ಸ್ವಾರಸ್ಯಗಳನ್ನು ಹೇಳುತ್ತಿದ್ದವನು, ಹೆಂಡತಿಯನ್ನು ಹೊಡೆದ ಅಪರಾಧ ಸಾಬೀತಾದ ಕಕ್ಷಿದಾರನೊಬ್ಬನ ಪರವಾಗಿ ಶಿಕ್ಷೆಯ ಪ್ರಮಾಣದ ಬಗ್ಗೆ ತಾನು ಮಾಡಿದ ವಾದವನ್ನು ವಿವರಿಸಿದ. "ಇವನು ಸಂಸಾರಸ್ಥ, ಹೆಂಡತಿ ಮಕ್ಕಳಿಗೆ ಇವನೊಬ್ಬನೇ ಆಧಾರ, ಜೈಲಿಗೆ ಕಳಿಸಿದರೆ ಅವರು ಬೀದಿಗೆ ಬೀಳುತ್ತಾರೆ, ಕನಿಕರ ತೋರಬೇಕು ಅಂತ ಕೇಳಿಕೊಂಡೆ ಸಾರ್" ಎಂದ. "ಯಾವ ಹೆಂಡತಿ?" ಎಂದು ಕೇಳಿದೆ. ಅವನು ಒಂದು ಕ್ಷಣ ತಬ್ಬಿಬ್ಬಾದ. "ಅದೇ ಹೆಂಡತಿ ಸಾರ್, ಏಟು ತಿಂದವಳು" ಎಂದು ಹೇಳಿ ಸಣ್ಣಗೆ ನಕ್ಕ. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ.

ಹುಡುಗ ಕೆಟ್ಟವನಲ್ಲ. ಕಕ್ಷಿದಾರನಿಗಾಗಿ ಹೇಳಬಹುದಾದುದನ್ನೆಲ್ಲ ಹೇಳುವುದು ಅವನ ವೃತ್ತಿಧರ್ಮ. ಏಟು ತಿಂದವಳ ಹಸಿವನ್ನೇ ಹೊಡೆದವನಿಗೆ ಗುರಾಣಿಯನ್ನಾಗಿ ಹಿಡಿಯುವ ಈ ವಾದವನ್ನು ಕೇಳಿ ಅಲ್ಲಿ ಯಾರೊಬ್ಬರೂ ಬೆರಗಾಗಲಿಲ್ಲವಲ್ಲ, ಅದು ನನ್ನನ್ನು ಕಾಡಿತು.

ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವಾಗ ನ್ಯಾಯಾಧೀಶರು ಒಂದು ತಕ್ಕಡಿಯನ್ನು ಹಿಡಿಯುತ್ತಾರೆ. ಅಪರಾಧವನ್ನು ಗುರುತರಗೊಳಿಸುವ ಅಂಶಗಳು ಒಂದು ತಟ್ಟೆಯಲ್ಲಿ, ಲಘುಗೊಳಿಸುವ ಅಂಶಗಳು ಇನ್ನೊಂದರಲ್ಲಿ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತವನಿಗೆ ಈ ತಕ್ಕಡಿ ಹೊಸದಲ್ಲ. ಸೀಮೆಸುಣ್ಣ ಕದ್ದ ಹುಡುಗನಿಗೆ ಒಂದು ಶಿಕ್ಷೆಯಾದರೆ, ಸೀಮೆಸುಣ್ಣದ ಡಬ್ಬಿಯನ್ನು ಕಾಯಲೆಂದು ನಾವೇ ನೇಮಿಸಿದ ಮಾನಿಟರ್ ಕದ್ದರೆ ಅದಕ್ಕಿಂತ ದೊಡ್ಡ ಶಿಕ್ಷೆ. ಮೊದಲ ಸಲ ತಪ್ಪಿದವನಿಗೆ ಎಚ್ಚರಿಕೆ. ಮೂರನೆಯ ಸಲಕ್ಕೆ ತಂದೆಯನ್ನು ಕರೆಸುವುದು. ಸಮಬಲರು ಹೊಡೆದಾಡಿದರೆ ಇಬ್ಬರಿಗೂ ಗದರಿಕೆ. ಏಳನೆಯ ತರಗತಿಯವನು ಎರಡನೆಯ ತರಗತಿಯವನ ಮೇಲೆ ಕೈಮಾಡಿದರೆ ಆ ದಿನ ಅವನಿಗೆ ಗ್ರಹಚಾರ. (ನಾನೂ ಬೆತ್ತ ಹಿಡಿದವನೇ. ಅದು ತಪ್ಪೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಹೇಳುವವರೆಗೆ ಕಾಯದೆ ನಾನೇ ಅರಿಯಬೇಕಿತ್ತು. ಆ ಕ್ಷಮಾಪಣೆಯನ್ನು ಬೇರೆ ದಿನ ಬರೆಯುತ್ತೇನೆ.) ನಂಬಿಕೆದ್ರೋಹ, ಪುನರಾವರ್ತನೆ, ಬಲದ ಅಂತರ ಎಂಬ ಈ ಮೂರೂ ತಪ್ಪನ್ನು ಹೆಚ್ಚಿಸುತ್ತವೆ ಎಂದು ತಿಳಿಯಲು ನಮಗೆ ಯಾವ ಕಾನೂನು ಗ್ರಂಥವೂ ಬೇಕಿರಲಿಲ್ಲ.

ಹಾಗಾದರೆ ನಮ್ಮ ದಂಡಶಾಸ್ತ್ರಕ್ಕೆ ಇವು ತಿಳಿದಿಲ್ಲವೇ? ಆ ಶಿಷ್ಯನಿಂದಲೇ ೧೮೬೦ರ ಭಾರತೀಯ ದಂಡ ಸಂಹಿತೆಯನ್ನೂ, ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನೂ ತರಿಸಿಕೊಂಡು ಒಂದು ವಾರ ಕುಳಿತು ಓದಿದೆ. ಕಂಡದ್ದು ಇಷ್ಟು: ನಮ್ಮ ಕಾನೂನಿಗೆ ಇವೆಲ್ಲ ಬಹಳ ಚೆನ್ನಾಗಿ ತಿಳಿದಿವೆ. ಆದರೆ ಪಾತ್ರೆಪಗಡಿ, ಒಡವೆ, ನಾಣ್ಯ, ನೋಟುಗಳ ವಿಷಯದಲ್ಲಿ.

ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ. ಅದೇ ಕಳ್ಳತನ ವಾಸದ ಮನೆಯೊಳಗೆ ನಡೆದರೆ ಏಳು ವರ್ಷಗಳವರೆಗೆ. ಹಳೆಯ ಸಂಹಿತೆಯಲ್ಲಿ ೩೮೦ನೆಯ ಕಲಂ, ಹೊಸದರಲ್ಲಿ ೩೦೫. ಏಕೆ? ಮನೆಯೆಂದರೆ ಮನುಷ್ಯ ನಿರ್ಭಯನಾಗಿ ಕಣ್ಣುಮುಚ್ಚುವ ಸ್ಥಳ; ಅಲ್ಲಿ ಆಗುವ ಅಪರಾಧ ಹೆಚ್ಚಿನದು. ಮನೆಯ ಆಳು ಯಜಮಾನನ ವಸ್ತುವನ್ನು ಕದ್ದರೂ ಏಳು ವರ್ಷಗಳವರೆಗೆ; ಹಳೆಯದರಲ್ಲಿ ೩೮೧, ಹೊಸದರಲ್ಲಿ ೩೦೬. ಏಕೆ? ಅವನನ್ನು ನಂಬಿ ಒಳಗೆ ಬಿಟ್ಟುಕೊಂಡಿದ್ದೆವು. ಹೊಂಚುಹಾಕಿ ಅಥವಾ ಒಡೆದು ಮನೆಹೊಕ್ಕವನಿಗೆ ಹಗಲಾದರೆ ಎರಡು ವರ್ಷ, ರಾತ್ರಿಯಾದರೆ ಮೂರು ವರ್ಷಗಳವರೆಗೆ. ಕತ್ತಲೂ ಅಪರಾಧವನ್ನು ಹೆಚ್ಚಿಸುತ್ತದೆ. ಇನ್ನು ಪುನರಾವರ್ತನೆ. ಹಳೆಯ ಸಂಹಿತೆಯ ೭೫ನೆಯ ಕಲಂ ಮತ್ತು ಹೊಸ ಸಂಹಿತೆಯ ೧೩ನೆಯ ಕಲಂ ಹೇಳುವುದೇನೆಂದರೆ, ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಸೆರೆವಾಸಕ್ಕೆ ಗುರಿಯಾಗುವ ಅಪರಾಧಕ್ಕಾಗಿ ಒಮ್ಮೆ ಶಿಕ್ಷೆಗೊಳಗಾದವನು ಮತ್ತೆ ಅಂಥದ್ದೇ ಅಪರಾಧ ಮಾಡಿದರೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದು. ಯಾವ ಅಪರಾಧಗಳಿಗೆ? ಎರಡೇ ಅಧ್ಯಾಯಗಳ ಅಪರಾಧಗಳಿಗೆ: ನಾಣ್ಯ, ನೋಟು, ಸರ್ಕಾರಿ ಸ್ಟಾಂಪುಗಳದು ಒಂದು; ಸ್ವತ್ತಿನದು ಇನ್ನೊಂದು. ಮನುಷ್ಯದೇಹಕ್ಕೆ ಸಂಬಂಧಿಸಿದ ಅಧ್ಯಾಯ ಆ ಕಲಮಿನಲ್ಲಿಲ್ಲ. ಹೊಸ ಸಂಹಿತೆಯಂತೂ ಎರಡನೆಯ ಸಲ ಕಳ್ಳತನಕ್ಕೆ ಸಿಕ್ಕಿಬಿದ್ದವನಿಗೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆಯನ್ನು ಹೊಸದಾಗಿ ಸೇರಿಸಿದೆ.

ಈಗ ಕಳ್ಳನ ಸ್ಥಳದಲ್ಲಿ ಗಂಡನನ್ನೂ ಒಡವೆಯ ಸ್ಥಳದಲ್ಲಿ ಹೆಂಡತಿಯನ್ನೂ ಇಟ್ಟು ನೋಡಿ. ಮನೆಯೊಳಗೆ, ರಾತ್ರಿ, ನಂಬಿ ಬಂದವಳನ್ನು, ನೂರನೆಯ ಸಲ ಹೊಡೆದನೆನ್ನಿ. ಆಯುಧ ಹಿಡಿದಿಲ್ಲ, ಮೂಳೆ ಮುರಿದಿಲ್ಲ. ಹೊಸ ಸಂಹಿತೆಯ ೧೧೫ನೆಯ ಕಲಮಿನ ಪ್ರಕಾರ ಹೆಚ್ಚೆಂದರೆ ಒಂದು ವರ್ಷ ಸೆರೆವಾಸ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ೧೮೬೦ರಲ್ಲಿ ನಿಗದಿಯಾಗಿದ್ದ ದಂಡದ ಗರಿಷ್ಠ ಮೊತ್ತ ಒಂದು ಸಾವಿರ ರೂಪಾಯಿ. ಅದು ೨೦೨೪ರವರೆಗೂ ಹಾಗೆಯೇ ಇತ್ತು. ಅದೂ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧ. ಮನೆ, ರಾತ್ರಿ, ನಂಬಿಕೆ, ಪುನರಾವರ್ತನೆ, ಈ ನಾಲ್ಕರಲ್ಲಿ ಒಂದಕ್ಕೂ ಆ ಕಲಮಿನಲ್ಲಿ ತೂಕವಿಲ್ಲ.

ದೇಹದ ಮೇಲಿನ ಅಪರಾಧದಲ್ಲಿ ಕಾನೂನು ಯಾವುದನ್ನು ಗುರುತರವೆಂದು ಎಣಿಸುತ್ತದೆ? ಆಯುಧವನ್ನು ಎಣಿಸುತ್ತದೆ. ಮೂಳೆಯನ್ನು ಎಣಿಸುತ್ತದೆ. ಒಂದು ಹಲ್ಲು ಮುರಿದರೂ ಅದು ತೀವ್ರ ಸ್ವರೂಪದ ಗಾಯ, ಏಳು ವರ್ಷಗಳವರೆಗೆ ಶಿಕ್ಷೆ. ಗಾಯಾಳು ಇಪ್ಪತ್ತು ದಿನ ಕಡುನೋವಿನಲ್ಲಿ ನರಳಿದರೆ ತೀವ್ರವೆಂದು ಹಳೆಯ ಸಂಹಿತೆ ಹೇಳುತ್ತಿತ್ತು, ಹೊಸದು ಅದನ್ನು ಹದಿನೈದು ದಿನಕ್ಕೆ ಇಳಿಸಿದೆ. ಕರ್ತವ್ಯದಲ್ಲಿರುವ ಪೊಲೀಸ್ ಪೇದೆಯನ್ನು ಅವನ ಕೆಲಸಕ್ಕೆ ಅಡ್ಡಿಪಡಿಸಲು ಹೊಡೆದರೆ ಹಳೆಯ ೩೩೨ನೆಯ ಕಲಮಿನಂತೆ ಮೂರು ವರ್ಷಗಳವರೆಗೆ. ಅಂದರೆ ಏಟು ಬಿದ್ದದ್ದು ಯಾರಿಗೆ ಎಂಬುದನ್ನೂ ಕಾನೂನು ಎಣಿಸಬಲ್ಲದು. ಆದರೆ ವಾರಕ್ಕೆ ಎರಡು ಸಲದಂತೆ ಇಪ್ಪತ್ತು ವರ್ಷ ಬಿದ್ದ ಏಟನ್ನು ಎಣಿಸುವ ಮಗ್ಗಿ ಅದರ ಬಳಿ ಇಲ್ಲ. ಪ್ರತಿ ಏಟೂ ಅದಕ್ಕೆ ಮೊದಲನೆಯ ಏಟು.

"ಮೇಷ್ಟ್ರೇ, ೪೯೮-ಎ ಇದೆಯಲ್ಲ" ಎಂದು ನಿಮ್ಮಲ್ಲಿ ಓದಿಕೊಂಡವರು ಹೇಳುತ್ತೀರಿ. ಇದೆ. ೧೯೮೩ರಲ್ಲಿ ಸೇರಿಸಿದ ಆ ಕಲಂ ಈಗ ಹೊಸ ಸಂಹಿತೆಯಲ್ಲಿ ೮೫ ಮತ್ತು ೮೬ ಆಗಿದೆ. ಆದರೆ ಅದರ ವಿವರಣೆಯನ್ನು ಓದಿ. ಕ್ರೌರ್ಯವೆಂದರೆ ಹೆಂಗಸನ್ನು ಆತ್ಮಹತ್ಯೆಗೆ ದೂಡುವಂಥದ್ದು ಅಥವಾ ಅವಳ ಪ್ರಾಣಕ್ಕೋ ದೇಹ, ಮನಸ್ಸುಗಳ ಆರೋಗ್ಯಕ್ಕೋ ಗಂಭೀರ ಹಾನಿ ಉಂಟುಮಾಡುವಂಥದ್ದಾಗಿರಬೇಕು. ಇಲ್ಲವೇ ಸ್ವತ್ತಿಗಾಗಿ ಪೀಡಿಸಿರಬೇಕು. ಸಾರು ತಣ್ಣಗಿತ್ತೆಂದು ಕೆನ್ನೆಗೆ ಬಿದ್ದ ಏಟು ಈ ಮೆಟ್ಟಿಲನ್ನು ಹತ್ತುವುದು ಸುಲಭವಲ್ಲ. ಹತ್ತಿದರೂ ಗರಿಷ್ಠ ಶಿಕ್ಷೆ ಮೂರು ವರ್ಷ. ಅಡುಗೆಮನೆಯಿಂದ ಬೆಳ್ಳಿಲೋಟ ಎತ್ತಿಕೊಂಡ ಕೆಲಸದಾಕೆಗೆ ಏಳು. ಅದೇ ಅಡುಗೆಮನೆಯಲ್ಲಿ ಹೆಂಡತಿಯನ್ನು ನರಳಿಸಿದವನಿಗೆ ಮೂರು. ಮುದಿ ತಾಯಿಯನ್ನು ಪಿಂಚಣಿಗಾಗಿ ಹೊಡೆಯುವ ಮಗನಿಗೆ ಈ ಕಲಂ ಅನ್ವಯಿಸುವುದೇ ಇಲ್ಲ. ೨೦೦೫ರ ಕೌಟುಂಬಿಕ ಹಿಂಸೆ ಕಾಯಿದೆ, ೨೦೦೬ರ ಅಕ್ಟೋಬರಿನಿಂದ ಜಾರಿಯಲ್ಲಿರುವುದು, ಆ ತಾಯಿಗೂ ರಕ್ಷಣೆಯ ಆದೇಶ ಕೊಡಿಸುತ್ತದೆ ನಿಜ; ಆ ಆದೇಶವನ್ನೇ ಮುರಿದು ಮತ್ತೆ ಹೊಡೆದವನಿಗೆ ಆ ಕಾಯಿದೆ ಇಟ್ಟಿರುವ ಶಿಕ್ಷೆ ಒಂದು ವರ್ಷ ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗೆ. ಇನ್ನು ಒಂದು ಅಪರಾಧದಲ್ಲಂತೂ ಗಂಡನೆಂಬ ಸಂಬಂಧವೇ ಪೂರ್ತಿ ಮಾಫಿ: ವಯಸ್ಕಳಾದ ಪತ್ನಿಯ ಮೇಲೆ ಪತಿ ಎಸಗುವ ಬಲಾತ್ಕಾರ ಅತ್ಯಾಚಾರವಲ್ಲವೆಂಬ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿದಿದೆ. ೨೦೨೨ರ ಮಾರ್ಚ್‌ನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅಂಥ ಆರೋಪ ಹೊತ್ತ ಪತಿಯೊಬ್ಬನ ವಿಚಾರಣೆ ನಡೆಯಲೇಬೇಕೆಂದು ಧೈರ್ಯವಾಗಿ ಹೇಳಿದರು. ಅದೇ ವರ್ಷ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು.

ಇದು ಪುಸ್ತಕದ ಮಾತು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನೇನು ಬೀಳುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಏಳೆಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿದ ಒಬ್ಬನಿಗೆ ವಿಚಾರಣಾ ನ್ಯಾಯಾಲಯ ಹತ್ತು ವರ್ಷ ವಿಧಿಸಿತ್ತು. ಉಚ್ಚ ನ್ಯಾಯಾಲಯ ಅದನ್ನು ನಾಲ್ಕಕ್ಕೆ ಇಳಿಸಿತು. ಕಾರಣಗಳು? ಅವನು ಅನಕ್ಷರಸ್ಥ, ದುರ್ಬಲ ವರ್ಗದವನು, ಕುಡಿತಕ್ಕೆ ದಾಸನಾದವನು, ವೃದ್ಧ ತಾಯಿ ಮತ್ತು ಹೆಂಡತಿ ಮಕ್ಕಳು ಅವನನ್ನೇ ನೆಚ್ಚಿದ್ದಾರೆ. ೨೦೦೦ದಲ್ಲಿ, ಕರ್ನಾಟಕ ಸರ್ಕಾರ ವಿರುದ್ಧ ಕೃಷ್ಣಪ್ಪ ಎಂಬ ಆ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯ ಇವು ಶಿಕ್ಷೆ ಇಳಿಸುವ ಕಾರಣಗಳೇ ಅಲ್ಲವೆಂದು ಹೇಳಿ ಹತ್ತು ವರ್ಷಗಳನ್ನು ಪುನಃ ಸ್ಥಾಪಿಸಿತು. ಇಪ್ಪತ್ತೈದು ವರ್ಷಗಳು ಕಳೆದಿವೆ. ನನ್ನ ಶಿಷ್ಯ ಮೊನ್ನೆ ಮಾಡಿದ ವಾದ ಅದೇ ವಾದ.

ಕುಡಿತದ ವಿಷಯವನ್ನೇ ನೋಡಿ. ತಾನಾಗಿ ಕುಡಿದವನಿಗೆ ಅಮಲು ನೆಪವಾಗದೆಂದು ಸಂಹಿತೆ ಹೇಳುತ್ತದೆ. ಮುಂಬಾಗಿಲಲ್ಲಿ ಹೀಗೆ ತಡೆದ ಅತಿಥಿಯನ್ನು ಶಿಕ್ಷೆಯ ಹಂತದಲ್ಲಿ ಹಿತ್ತಿಲ ಬಾಗಿಲಿನಿಂದ ಕರೆದು ಮಣೆ ಹಾಕುವುದೇಕೆ? "ಕುಡಿದಾಗ ಮಾತ್ರ ಹೀಗೆ, ಮಿಕ್ಕಂತೆ ಚಿನ್ನದಂಥ ಮನುಷ್ಯ" ಎಂಬ ಮಾತನ್ನು ನಮ್ಮ ಬೀದಿಯಲ್ಲಿ ಎಷ್ಟು ಸಲ ಕೇಳಿದ್ದೇನೋ! ಕುಡಿದ ಆ ಚಿನ್ನ ಮೇಲಧಿಕಾರಿಯನ್ನು ಹೊಡೆದದ್ದನ್ನು ನಾನು ಕಾಣೆ. ಅಮಲಿನಲ್ಲೂ ಅದಕ್ಕೆ ಮನೆಯ ದಾರಿ ಚೆನ್ನಾಗಿ ನೆನಪಿರುತ್ತದೆ. ೨೦೦೭ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಏಟು ಹೋಗಲಿಲ್ಲ. ೨೦೧೫–೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪತಿಯ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದ ಕರ್ನಾಟಕದ ವಿವಾಹಿತೆಯರು ನೂರಕ್ಕೆ ೨೦.೬, ೨೦೧೯–೨೧ರ ಸಮೀಕ್ಷೆಯಲ್ಲಿ ೪೪.೪. ಏಟು ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡರಲ್ಲಿ ಯಾವುದಾದರೂ ನಾವು ತಲೆತಗ್ಗಿಸಬೇಕಾದ ಅಂಕಿಯೇ.

ತಕ್ಕಡಿಯನ್ನು ಸರಿಯಾಗಿ ಹಿಡಿಯಲು ಬರುವುದಿಲ್ಲವೆಂದಲ್ಲ. ೧೯೯೯ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹಸೀನಾ ಹುಸೇನ್ ಎಂಬ ತರುಣಿಯ ಮೇಲೆ ಅವಳ ಹಿಂದಿನ ಉದ್ಯೋಗದಾತ ಆಸಿಡ್ ಸುರಿದ. ಅವಳು ದೃಷ್ಟಿ ಕಳೆದುಕೊಂಡಳು. ಕೆಳ ನ್ಯಾಯಾಲಯದ ಶಿಕ್ಷೆ ಐದು ವರ್ಷಗಳ ಆಸುಪಾಸಿನಲ್ಲಿತ್ತು. ೨೦೦೬ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಕೊಲೆಯತ್ನವೆಂದು ಪರಿಗಣಿಸಿ ಜೀವಾವಧಿಗೆ ಏರಿಸಿತು. ೨೦೧೩ರಲ್ಲಿ ಸಂಸತ್ತು ಆಸಿಡ್ ದಾಳಿಯನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿ ಕನಿಷ್ಠ ಹತ್ತು ವರ್ಷವೆಂದು ನಿಗದಿಪಡಿಸಿತು. ಕಣ್ಣಿಗೆ ರಾಚುವಂಥದ್ದನ್ನು ನಾವು ತೂಗಬಲ್ಲೆವು. ಗೋಡೆಯ ಹಿಂದಿನದನ್ನು ತೂಗಲೊಲ್ಲೆವು.

ನ್ಯಾಯಾಲಯಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ೨೦೧೧ರ ಸೆಪ್ಟೆಂಬರಿನಲ್ಲಿ ಚಿತ್ರನಟ ದರ್ಶನ್ ಅವರನ್ನು ಪತ್ನಿಯ ಮೇಲೆ ಹಲ್ಲೆ ನಡೆಸಿದ ಆರೋಪದಲ್ಲಿ ಪೊಲೀಸರು ಬಂಧಿಸಿದ್ದು ನಿಮಗೆ ನೆನಪಿರಬಹುದು. ಅವರು ಮುಂದಿನ ತಿಂಗಳು ಜಾಮೀನಿನ ಮೇಲೆ ಹೊರಬಂದರು. ಆ ಆರೋಪಕ್ಕೆ ಯಾವ ಶಿಕ್ಷೆಯೂ ಆಗಲಿಲ್ಲ. ಆರೋಪದ ಸತ್ಯಾಸತ್ಯತೆಯನ್ನು ನಾನು ಇಲ್ಲಿ ನಿರ್ಣಯಿಸುತ್ತಿಲ್ಲ. ನಾನು ನೆನಪಿಸುವುದು ನಮ್ಮ ವರ್ತನೆಯನ್ನು. ನಿರ್ಮಾಪಕರ ಸಂಘ ಕೂಡಲೇ ಮೂರು ವರ್ಷಗಳ ನಿಷೇಧ ಹೇರಿದ್ದು ಮೂರನೆಯವಳಾದ ಒಬ್ಬ ನಟಿಯ ಮೇಲೆ, ಸಂಸಾರ ಕೆಡಿಸಿದಳೆಂದು! ಪ್ರತಿಭಟನೆಯಾದ ಮೇಲೆ ಹಿಂತೆಗೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ತೆರೆಕಂಡ ಅವರ ಚಿತ್ರವನ್ನು ನಾವು ಗೆಲ್ಲಿಸಿದೆವು. ಹೊಡೆಸಿಕೊಂಡವಳು ಯಾರು, ಹೊಡೆದವರಾರು ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ನಮಗೆ ಶಿಕ್ಷಿಸಲು ಒಬ್ಬ ಹೆಂಗಸು ಬೇಕಾಗಿದ್ದಳು.

ಈಗ ನನ್ನ ಪಾಲಿನದು. ೧೯೮೧. ತಿಲಕ್ ನಗರದ ವಠಾರಗಳಲ್ಲಿ ಒಂದು ಗೋಡೆಗೆ ಎರಡು ಸಂಸಾರ ಒರಗಿಕೊಂಡಿದ್ದ ಕಾಲ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು, ಏಟೂ ಗೊತ್ತಾಗುತ್ತಿತ್ತು. ಆರನೆಯ ತರಗತಿಯಲ್ಲಿ ಒಬ್ಬ ಚುರುಕಾದ ಹುಡುಗಿ ಇದ್ದಳು. ಆ ವರ್ಷ ಅವಳು ತಡವಾಗಿ ಬರತೊಡಗಿದಳು, ಬಂದರೆ ಬೆಂಚಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದಳು. ನಾನು ಅದಕ್ಕೂ ಅವಳನ್ನು ನಿಲ್ಲಿಸಿದ್ದೇನೆ. ಒಂದು ಸಂಜೆ ಅವಳ ತಾಯಿ ನಮ್ಮ ಮನೆಗೆ ಬಂದರು. ತುಟಿ ಊದಿತ್ತು, ಎಡಗಣ್ಣು ಮುಚ್ಚಿತ್ತು. "ಮೇಷ್ಟ್ರೇ, ಅವರಿಗೆ ನಿಮ್ಮ ಮಾತು ಅಂದ್ರೆ ಗೌರವ. ಒಂದು ಮಾತು ಹೇಳಿ" ಎಂದರು.

ಹೇಳಿದೆ. ಮರುದಿನ ಆತನನ್ನ ಕರೆಸಿದೆ. ಕಾರ್ಖಾನೆಯ ನೌಕರ, ಇಸ್ತ್ರಿ ಮಾಡಿದ ಅಂಗಿ, ಮಿತಭಾಷಿ. ಅರ್ಧ ಗಂಟೆ ಸಂಸಾರ, ತಾಳ್ಮೆ ಎಂದೆಲ್ಲ ಉಪದೇಶ ಮಾಡಿದೆ. ಕೊನೆಗೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹೇಳಿದೆ, ಇಬ್ಬರೂ ನಕ್ಕೆವು. ಆಮೇಲೆ ಆಕೆಯನ್ನು ಕರೆದು, "ನೀವೂ ಸ್ವಲ್ಪ ತಗ್ಗಿ ನಡೆಯಿರಿ ತಾಯಿ" ಎಂದೆ. ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸಿ, ಒಂದು ಸಂಸಾರ ಉಳಿಸಿದೆನೆಂದು ಬೀಗಿದೆ. ಈ ಪ್ರಸಂಗವನ್ನು ನಿಮ್ಮಲ್ಲಿ ಕೆಲವರಿಗೆ ಹೆಮ್ಮೆಯಿಂದಲೇ ಹೇಳಿರಲೂ ಸಾಕು.

ಆಗ ೪೯೮-ಎ ಇರಲಿಲ್ಲ, ಕೌಟುಂಬಿಕ ಹಿಂಸೆ ಕಾಯಿದೆ ಇರಲಿಲ್ಲ. ಆದರೆ ನನ್ನ ತಕ್ಕಡಿ ಇತ್ತಲ್ಲ! ಮಾನಿಟರ್ ಸೀಮೆಸುಣ್ಣ ಕದ್ದರೆ ಕೆರಳುತ್ತಿದ್ದ ನನ್ನ ನ್ಯಾಯಬುದ್ಧಿ, ಬೇಲಿಯೇ ಎದ್ದು ಹೊಲ ಮೇಯ್ದಾಗ ಗಾದೆ ಹೇಳುತ್ತ ಕುಳಿತಿತು. ಮನೆಯೊಳಗೆ ಎಂಬುದು ನನಗೆ ಹೆಚ್ಚಿನ ಅಪರಾಧವಾಗಿ ಕಾಣಲಿಲ್ಲ, 'ಮನೆಯ ವಿಷಯ'ವಾಗಿ ಕಂಡಿತು. ಹೆಂಡತಿ ಎಂಬುದು ನಂಬಿಕೆದ್ರೋಹವಾಗಿ ಕಾಣಲಿಲ್ಲ, ರಿಯಾಯಿತಿಯಾಗಿ ಕಂಡಿತು. ಪದೇಪದೇ ಎಂಬುದು ಪುನರಾವರ್ತನೆಯಾಗಿ ಕಾಣಲಿಲ್ಲ, 'ಅವರಲ್ಲಿ ಇದ್ದದ್ದೇ' ಆಯಿತು. ಗುರುತರಗೊಳಿಸಬೇಕಾದ ಒಂದೊಂದು ಅಂಶವನ್ನೂ ನಾನೇ ಕೈಯಾರೆ ಎತ್ತಿ ಲಘುವಿನ ತಟ್ಟೆಗೆ ಹಾಕಿದೆ.

ಬೇರೆ ದೇಶಗಳು ಈ ತಟ್ಟೆಗಳನ್ನು ಸರಿಪಡಿಸಿಕೊಂಡಿವೆ. ಅಪರಾಧಿಯು ತನ್ನ ಬಾಳಸಂಗಾತಿಯನ್ನೋ ಮಗುವನ್ನೋ ಹಿಂಸಿಸಿದ್ದರೆ ಅದನ್ನು ಶಿಕ್ಷೆ ಹೆಚ್ಚಿಸುವ ಅಂಶವಾಗಿ ಪರಿಗಣಿಸತಕ್ಕದ್ದೆಂದು ಕೆನಡಾ ೧೯೯೬ರಲ್ಲೇ ತನ್ನ ದಂಡ ಸಂಹಿತೆಯಲ್ಲಿ ಬರೆಯಿತು. ಇಂಗ್ಲೆಂಡಿನ ಶಿಕ್ಷಾ ಮಾರ್ಗಸೂಚಿ ೨೦೦೬ರಲ್ಲಿ, ಮನೆಯೊಳಗಿನ ಹಿಂಸೆ ಹೊರಗಿನದಕ್ಕಿಂತ ಕಡಿಮೆಯದಲ್ಲ ಎಂದಿತು. ೨೦೧೮ರಲ್ಲಿ ಅದನ್ನೂ ತಿದ್ದಿ, ನಂಬಿಕೆ ಮತ್ತು ಭದ್ರತೆಯ ಉಲ್ಲಂಘನೆಯಾದ್ದರಿಂದ ಅದು ಹೆಚ್ಚಿನದು ಎಂದಿತು. ಮೆಕಾಲೆಯ ನಾಡು ಬದಲಾಯಿತು. ಅವನು ಕರಡು ಬರೆದುಕೊಟ್ಟ ಸಂಹಿತೆಯನ್ನು ಹೆಸರು ಬದಲಿಸಿ ಹೊಸದೆಂದುಕೊಂಡ ನಾವು ಬದಲಾಗಲಿಲ್ಲ. ನಮ್ಮಲ್ಲಿ ಗುರು–ಲಘು ಅಂಶಗಳ ಚರ್ಚೆ ಬೆಳೆದದ್ದು ಮುಖ್ಯವಾಗಿ ಮರಣದಂಡನೆಯ ಸಂದರ್ಭದಲ್ಲಿ, ೧೯೮೦ರ ಬಚನ್ ಸಿಂಗ್ ತೀರ್ಪಿನಿಂದ. ಸತ್ತ ಮೇಲೆ ತೂಗಲು ತಕ್ಕಡಿ ಇದೆ, ಬದುಕಿರುವಾಗ ಇಲ್ಲ. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ, ನಮ್ಮವರೇ ಆದ ವಿ.ಎಸ್. ಮಳಿಮಠ ಅವರ ನೇತೃತ್ವದ ಸಮಿತಿ ೨೦೦೩ರಲ್ಲೇ ಶಿಕ್ಷೆಗೆ ಮಾರ್ಗಸೂಚಿಗಳು ಬೇಕೆಂದು ಶಿಫಾರಸು ಮಾಡಿತು. ಅದೇ ವರದಿ ೪೯೮-ಎ ಪ್ರಕರಣಗಳಲ್ಲಿ ಜಾಮೀನಿಗೂ ರಾಜಿಗೂ ಅವಕಾಶವಿರಬೇಕೆಂದಿತು. ಮೊದಲನೆಯದು ಜಾರಿಯಾಗಲಿಲ್ಲವೆಂದು ನನಗೆ ದುಃಖ. ರಾಜಿಯ ಮಾತನ್ನು ಮಾತ್ರ, ಸ್ವತಃ ರಾಜಿ ಮಾಡಿಸಿ ನೋಡಿದವನಾಗಿ, ಒಪ್ಪಲಾರೆ.

ಎದುರುವಾದಗಳನ್ನು ಬಲ್ಲೆ. "ಸುಳ್ಳು ದೂರುಗಳಿಲ್ಲವೇ?" ಇವೆ. ೨೦೨೪ರ ಡಿಸೆಂಬರಿನಲ್ಲಿ ನಮ್ಮ ನಗರದ ಒಬ್ಬ ತರುಣ ತಂತ್ರಜ್ಞ ತನ್ನ ಮೇಲೆ ಸುಳ್ಳು ಮೊಕದ್ದಮೆಗಳನ್ನು ಹೂಡಲಾಗಿದೆಯೆಂದು ಬರೆದಿಟ್ಟು ಪ್ರಾಣ ಕಳೆದುಕೊಂಡಾಗ ನಾನೂ ಮರುಗಿದ್ದೇನೆ. ವಿವೇಚನೆಯಿಲ್ಲದೆ ಬಂಧಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಸರಿಯೇ. ಆದರೆ ದೂರು ನಿಜವೋ ಸುಳ್ಳೋ ಎಂಬುದು ಬಂಧನ ಮತ್ತು ಸಾಕ್ಷ್ಯದ ಪ್ರಶ್ನೆ. ನಾನು ಹೇಳುತ್ತಿರುವುದು ಅದೆಲ್ಲ ಮುಗಿದು, ಅಪರಾಧ ಸಂದೇಹಾತೀತವಾಗಿ ಸಾಬೀತಾದ ಮೇಲಿನ ಮಾತು. ಉತ್ತರಪತ್ರಿಕೆ ಯಾರದೆಂದು ಖಚಿತವಾದ ಮೇಲೆ ತಾನೆ ಅಂಕ ಕೊಡುವುದು? ನಕಲಿನ ಭಯದಿಂದ ಎಲ್ಲರ ಅಂಕವನ್ನೂ ಕಡಿತಗೊಳಿಸುತ್ತೇವೆಯೇ?

"ಶಿಕ್ಷೆ ಹೆಚ್ಚಿಸಿದರೆ ಸಂಸಾರ ಮುರಿಯುತ್ತದೆ, ಹೆಂಗಸರು ದೂರು ಕೊಡಲೂ ಹಿಂಜರಿಯುತ್ತಾರೆ" ಎಂಬುದು ಇನ್ನೊಂದು. ಇದರಲ್ಲಿ ಸತ್ಯಾಂಶವಿದೆ, ಎಲ್ಲರನ್ನೂ ಪರಪ್ಪನ ಅಗ್ರಹಾರಕ್ಕೆ ತುಂಬಿ ಎಂದು ನಾನು ಕೇಳುತ್ತಿಲ್ಲ. ಗುರುತರವೆಂದು ಎಣಿಸುವುದು ಬೇರೆ, ಸೆರೆಮನೆ ಬೇರೆ. ಹೆಂಡತಿ ಮಕ್ಕಳ ಹೊಟ್ಟೆಪಾಡಿನ ಚಿಂತೆ ನಿಜವಾಗಿದ್ದರೆ ದಂಡದ ಹಣವನ್ನು ಬೊಕ್ಕಸಕ್ಕೆ ಕಟ್ಟಿಸಿಕೊಳ್ಳದೆ ಅವಳಿಗೆ ಪರಿಹಾರವಾಗಿ ಕೊಡಿಸಿ, ಅವನ ಸಂಬಳದಿಂದ ಜೀವನಾಂಶ ಕೊಡಿಸಿ, ಮನೆಯಲ್ಲಿ ಅವಳನ್ನು ಉಳಿಸಿ ಅವನನ್ನು ಹೊರಗಿಡಿ. ಅವಳ ಹಸಿವು ಅವಳ ಹಕ್ಕಿಗೆ ಕಾರಣವಾಗಲಿ. ಅವನ ಬಿಡುಗಡೆಗೆ ಕಾರಣವಾಗುವುದು ಬೇಡ.

ನಾನು ಕೇಳುವುದು ಇಷ್ಟೇ. ದೇಹದ ಮೇಲಿನ ಅಪರಾಧಗಳಲ್ಲಿ ಶಿಕ್ಷೆ ವಿಧಿಸುವಾಗ ಕೆಲವನ್ನು ನ್ಯಾಯಾಲಯ ಕಡ್ಡಾಯವಾಗಿ ಗುರುತರವೆಂದು ಎಣಿಸಿ, ಎಣಿಸದಿದ್ದರೆ ಕಾರಣವನ್ನು ತೀರ್ಪಿನಲ್ಲಿ ಬರೆಯಬೇಕು: ಹೊಡೆದವನು ಅವಳ ನಂಬಿಕೆಯಲ್ಲಿದ್ದವನೆಂಬುದು, ಮೊದಲೂ ಹೊಡೆದಿದ್ದನೆಂಬುದು, ಅವಳು ಗರ್ಭಿಣಿ, ವೃದ್ಧೆ ಅಥವಾ ಅಂಗವಿಕಲೆ ಎಂಬುದು, ಮಕ್ಕಳ ಕಣ್ಣೆದುರು ನಡೆಯಿತೆಂಬುದು, ರಕ್ಷಣಾ ಆದೇಶವಿದ್ದೂ ನಡೆಯಿತೆಂಬುದು, ದೂರು ಕೊಟ್ಟಳೆಂಬ ಸೇಡಿಗೆ ನಡೆಯಿತೆಂಬುದು. ಕುಡಿದಿದ್ದ, ಸಂಸಾರಸ್ಥ, ಗೌರವಸ್ಥ ಎಂಬುವನ್ನು ಲಘುವಿನ ತಟ್ಟೆಯಿಂದ ತೆಗೆದುಹಾಕಬೇಕು. ೧೩ನೆಯ ಕಲಮಿನಲ್ಲಿ ನಾಣ್ಯ ಮತ್ತು ಸ್ವತ್ತಿನ ಪಕ್ಕದಲ್ಲಿ ಮನುಷ್ಯದೇಹಕ್ಕೂ ಒಂದು ಜಾಗ ಕೊಡಬೇಕು. ದಂಡನೆಯ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ನಮ್ಮ ವಿಧಾನಮಂಡಲವೂ ತಿದ್ದುಪಡಿ ಮಾಡಬಹುದು. ದೆಹಲಿಯತ್ತ ಬೆರಳು ತೋರಿಸಿ ಕೂರಬೇಕಿಲ್ಲ.

ಕಾನೂನು ಬದಲಾಗುವ ತನಕ ನಿಮ್ಮ ಕೈಯಲ್ಲಿರುವ ತಕ್ಕಡಿಯೊಂದಿದೆ. ನಿಮ್ಮಲ್ಲಿ ವಕೀಲರಿದ್ದೀರಿ, ಪೊಲೀಸರಿದ್ದೀರಿ, ವೈದ್ಯರಿದ್ದೀರಿ, ಮನೆಗೆ ಹಿರಿಯರಾದವರಿದ್ದೀರಿ. ಏಟು ತಿಂದವಳು ನಿಮ್ಮ ಮುಂದೆ ಬಂದು ನಿಂತಾಗ ಮೊದಲ ತೀರ್ಪು ನಿಮ್ಮದೇ.

ನಾಲ್ಕು ವರ್ಷಗಳ ಹಿಂದೆ ಆ ಆರನೆಯ ತರಗತಿಯ ಹುಡುಗಿ ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದಳು. ಕೂದಲು ನರೆತಿತ್ತು. ಕುಂಕುಮ ಕೊಟ್ಟು, ಕಾಫಿ ಕುಡಿದು, ಹೊರಡುವಾಗ ಬಾಗಿಲ ಬಳಿ ನಿಂತಳು. "ಸಾರ್, ಆವತ್ತು ಅಪ್ಪನ್ನ ಕರೆಸಿದಿರಲ್ಲ, ಅವರಿಗೆ ಕುರ್ಚಿ ಹಾಕಿ ಕಾಫಿ ಕೊಟ್ಟಿರಿ. ಅಮ್ಮ, ನಾನು ಇಲ್ಲೇ ಮೆಟ್ಟಿಲ ಮೇಲೆ ನಿಂತಿದ್ದೆವು" ಎಂದಳು. ನನಗೆ ಮರೆತೇಹೋಗಿತ್ತು. "ಆ ರಾತ್ರಿ ಅಮ್ಮನಿಗೆ ಯಾವತ್ತಿಗಿಂತ ಜಾಸ್ತಿ ಬಿತ್ತು. ಮೇಷ್ಟ್ರ ಹತ್ತಿರ ಹೋಗಿ ಮಾನ ಕಳೆದೆ ಅಂತ. ಆಮೇಲೆ ಅಮ್ಮ ಯಾರ ಹತ್ತಿರಕ್ಕೂ ಹೋಗಲಿಲ್ಲ." ದೂರುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂದಿತ್ತು ಎನ್ನುವ ಹಾಗೆ ಹೇಳಿದಳು. ಮದುವೆಗೆ ಖಂಡಿತ ಬರಬೇಕೆಂದು ಇನ್ನೊಮ್ಮೆ ಕರೆದು ಹೋದಳು.

ಹೋಗಿದ್ದೆ. ಆಕೆಯ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದರು. ಏಳಬೇಕಾಗಿದ್ದವನು, ಮುಗಿಯಬೇಕಾಗಿದ್ದವನು ನಾನು. ಆ ಗದ್ದಲದಲ್ಲಿ ಹೇಳಲಾಗದ ಮಾತನ್ನು ಇಂದು ಇಲ್ಲಿ ಬರೆದಿದ್ದೇನೆ: ತಾಯಿ, ಅಂದು ನಾನು ಕೊಟ್ಟದ್ದು ತಪ್ಪು ತೀರ್ಪು.

ಇತಿ,
ನಿಮ್ಮ ಮೇಷ್ಟ್ರು
ತಿಲಕ್ ನಗರ, ಬೆಂಗಳೂರು